ಆಮೆಯ ಕಾವಲಿಗೆ ಕೂತ ಚಳಿಗಾಲ

ಅಪ್ಪ ಹಡಗಿನ ಕೆಲಸ ಬಿಟ್ಟು ಪೂರ್ತಿಯಾಗಿ ಮನೆಗೆ ಬಂದ ವರ್ಷ ನನಗೆ ಹತ್ತೊಂಬತ್ತು. ಮಂಗಳೂರಿನಲ್ಲಿ ಟೀಚರ್ ಟ್ರೈನಿಂಗ್ ಮುಗಿಸಿ, ಯಾವ ಶಾಲೆಗೆ ಹಾಕುತ್ತಾರೋ ಎಂದು ನೇಮಕದ ಕಾಗದ ಕಾಯುತ್ತ ಆಲೆಟ್ಟಿಯ ಮನೆಯಲ್ಲಿ ಕೂತಿದ್ದೆ. ಕೂತಿದ್ದೆ ಎಂದು ಬರೆದೆ, ನಿಜವಾಗಿ ಕೂತದ್ದು ಕಡಿಮೆ. ಟಪಾಲಿನವರು ಬರುವ ಹೊತ್ತಾಗುವುದರೊಳಗೆ ನಾಲ್ಕು ಸಲ ಅಂಗಳದ ತುದಿಗೆ ಹೋಗಿ ಬರುತ್ತಿದ್ದೆ. ಹೊಲಿಯಲು ತೆಗೆದ ರವಿಕೆ ಅರ್ಧಕ್ಕೆ ನಿಲ್ಲುತ್ತಿತ್ತು. ಅಮ್ಮ ಒಮ್ಮೊಮ್ಮೆ ರೇಗುತ್ತಿದ್ದರು: "ಒಬ್ಬರಾದ್ರೂ ಈ ಮನೆಯಲ್ಲಿ ಒಂದು ಕಡೆ ನಿಲ್ಲಿ ಮಾರಾಯ್ತಿ. ಅಪ್ಪ ಆಚೆಯಿಂದ ಈಚೆ, ಮಗಳು ಈಚೆಯಿಂದ ಆಚೆ."

ಅಪ್ಪ ಹಡಗಿನಲ್ಲಿ ಭಂಡಾರಿ ಆಗಿದ್ದರು, ಅಂದರೆ ಅಡುಗೆಯವರು. ಬೊಂಬಾಯಿಯಿಂದ ಆಫ್ರಿಕಾದ ಕಡೆಗೆ ಹೋಗುವ ಹಡಗು. ಎರಡು ವರ್ಷಕ್ಕೊಮ್ಮೆ ಬಂದು ಒಂದು ತಿಂಗಳು ಇದ್ದು ಹೋಗುತ್ತಿದ್ದರು. ಯುದ್ಧ ಮುಗಿದ ಮೇಲೆ, ನನಗೆ ಆರು ವರ್ಷವಿರುವಾಗ, ಹಾಗೆ ಬಂದವರು ಒಂದು ಮರದ ಪೆಟ್ಟಿಗೆಯಲ್ಲಿ ಆಮೆ ತಂದರು. ನಡುವಿನ ಯಾವುದೋ ದ್ವೀಪದಲ್ಲಿ ಯಾರೋ ಕೊಟ್ಟದ್ದಂತೆ. ಆಗ ಅದು ಅಕ್ಕಿ ಕೇರುವ ಗೆರಸೆಯಷ್ಟು ಅಗಲವಿತ್ತು. ನಮ್ಮ ತೋಡಿನಲ್ಲಿ ಸಿಗುವ ಆಮೆಗಳ ಜಾತಿಯಲ್ಲ. ನೀರಿಗೆ ಇಳಿಯುತ್ತಿರಲಿಲ್ಲ, ಸೊಪ್ಪು ತಿಂದುಕೊಂಡು ನೆಲದ ಮೇಲೆಯೇ ಇರುತ್ತಿತ್ತು. ಅಪ್ಪ ತಿಂಗಳು ಮುಗಿಸಿ ಹೋದರು. ಆಮೆ ಅಮ್ಮನ ಪಾಲಿಗೆ ಉಳಿಯಿತು.

ಅಮ್ಮ ಅದನ್ನು ಪ್ರೀತಿಯಿಂದ ಸಾಕಿದರು ಎಂದರೆ ಸುಳ್ಳಾಗುತ್ತದೆ. ಹೊತ್ತುಹೊತ್ತಿಗೆ ಹಾಕಿದರು, ಅಷ್ಟೆ. ದಾಸವಾಳದ ಎಲೆ, ಪಪ್ಪಾಯಿ ಸಿಪ್ಪೆ, ಹಲಸಿನ ಕಾಲದಲ್ಲಿ ತೊಳೆ ಬಿಡಿಸಿ ಉಳಿದ ರಚ್ಚೆ. ಚಳಿಗೆ ಅಡುಗೆಮನೆಯ ಒಲೆಯ ಹಿಂದೆ ಒಂದು ಹರಿದ ಗೋಣಿ. ಅಲ್ಲಿಗೆ ಹಿಡಿಸದಷ್ಟು ಬೆಳೆದಾಗ ಬಚ್ಚಲುಮನೆಗೆ ದಾಟಿಸಿದರು. ಅಲ್ಲಿ ಹಂಡೆಯ ಒಲೆ ಆರಿದ ಮೇಲೂ ಕಲ್ಲು ಬೆಳಗಿನವರೆಗೆ ಬೆಚ್ಚಗಿರುತ್ತಿತ್ತು. ಅಪ್ಪ ಪೂರ್ತಿಯಾಗಿ ಮನೆಗೆ ಬಂದ ವರ್ಷದ ಮಳೆಗಾಲದಲ್ಲಿ ಅದು ಬಚ್ಚಲುಮನೆಯ ಬಾಗಿಲಿಗೆ ಸಿಕ್ಕಿಕೊಂಡಿತು. ಮುಂದೆ ಹೋಗಲಿಕ್ಕೂ ಇಲ್ಲ, ಹಿಂದೆ ಬರಲಿಕ್ಕೂ ಇಲ್ಲ. ಮಧ್ಯಾಹ್ನದವರೆಗೆ ಸುಮ್ಮನಿದ್ದು, ಆಮೇಲೆ ಮೆಲ್ಲಗೆ ಒತ್ತಲು ಶುರುಮಾಡಿತು. ಸಂಜೆಗೆ ಬಾಗಿಲ ದಾರಂದವೂ ಮಣ್ಣಿನ ಗೋಡೆಯ ಒಂದು ಭಾಗವೂ ಅಂಗಳದಲ್ಲಿ ಬಿದ್ದಿದ್ದವು. ಆಮೆ ಅವುಗಳ ಮೇಲೆ ಹತ್ತಿ ಇಳಿದು ದಾಸವಾಳದ ಗಿಡದತ್ತ ಹೋಯಿತು. ಆಗ ಅದನ್ನು ಎತ್ತಬೇಕಾದರೆ ನಾಲ್ಕು ಗಂಡಸರು ಬೇಕಿತ್ತು.

"ಇನ್ನು ಅದು ಹೊರಗೆ," ಎಂದರು ಅಮ್ಮ.

"ಇವ ಹೊರಗೆ ಮಲಗಿದರೆ ಚಳಿಗೆ ಸಾಯ್ತಾನೆ," ಎಂದರು ಅಪ್ಪ. ಅಮ್ಮನಿಗೆ ಆಮೆ ಯಾವಾಗಲೂ ‘ಅದು’. ಅಪ್ಪನಿಗೆ ‘ಇವ’.

ಮಳೆ ಬಿಟ್ಟ ಮೇಲೆ ಅಪ್ಪ ಅಂಗಳದಾಚೆ, ಗುಡ್ಡ ಕಡಿದ ಧರೆಯ ಬದಿಗೆ ಒಂದು ಗೂಡು ಕಟ್ಟಿದರು. ಮೂರು ಕಡೆ ಸೊಂಟದೆತ್ತರಕ್ಕೆ ಕೆಂಪು ಮುರಕಲ್ಲು, ಮೇಲೆ ಆಳೆತ್ತರಕ್ಕೆ ಹೆಣೆದ ತೆಂಗಿನ ಮಡಲಿನ ಮಾಡು, ಮುಂದೆ ಇಳಿಬಿಟ್ಟ ಗೋಣಿ. ಹಗಲಲ್ಲಿ ನೋಡಿದರೆ ಚೆನ್ನಾಗಿಯೇ ಇತ್ತು. ಆದರೆ ನಮ್ಮ ಆಲೆಟ್ಟಿ ಕಾಡಿನ ಬುಡದ ಊರು. ಡಿಸೆಂಬರ್ ಬಂದರೆ ಇರುಳು ಮಂಜು ಇಳಿದು ಬೆಳಿಗ್ಗೆ ಮಡಲಿನಿಂದ ಹನಿ ತೊಟ್ಟಿಕ್ಕುತ್ತದೆ. ಒಂದು ಬೆಳಿಗ್ಗೆ ಆಮೆ ಗೂಡಿನಿಂದ ಹೊರಗೆ ಬರಲಿಲ್ಲ. ಬಿಸಿಲು ಏರಿದರೂ ಬರಲಿಲ್ಲ. ಗೋಣಿ ಸರಿಸಿ ನೋಡಿದಾಗ ಕತ್ತು ನೆಲಕ್ಕೆ ಚಾಚಿ ಬಿದ್ದಿತ್ತು. ಕಣ್ಣು ಮುಚ್ಚಿತ್ತು, ಮೂಗಿನಲ್ಲಿ ನೀರ ಗುಳ್ಳೆ. ಅಪ್ಪ ಅದರ ಹಿಂಗಾಲಿನ ಸಂದಿಗೆ ಕೈ ಹಾಕಿದರು. ಚಿಪ್ಪಿನೊಳಗೆ ಮೆತ್ತಗಿರುವ ಜಾಗ ಅದು. ಅವರ ಮುಖ ನೋಡಿಯೇ ನನಗೆ ಗೊತ್ತಾಯಿತು.

"ತಣ್ಣಗೆ. ಕಲ್ಲಿನ ಹಾಗೆ ತಣ್ಣಗೆ ಉಂಟು ಮಗಾ."

ನಾವು ನಾಲ್ಕು ಜನರನ್ನು ಕರೆದು ಅದನ್ನು ಬಿಸಿಲಿಗೆ ಇಡಿಸಿದೆವು. ಮಧ್ಯಾಹ್ನ ಒಂದು ಗಂಟೆಗೆ ಅದು ಒಂದು ಕಣ್ಣು ತೆರೆಯಿತು. ಅಪ್ಪ ಊಟಕ್ಕೆ ಏಳಲಿಲ್ಲ.

ಅಂದಿನಿಂದ ಅವರು ಇರುಳು ಮಲಗುವುದನ್ನೇ ಬಿಟ್ಟರು. ಹಡಗಿನಲ್ಲಿ ಬೆಳಗಿನ ಮೂರೂವರೆಗೆ ಎದ್ದು ಒಲೆ ಹೊತ್ತಿಸಿದ ದೇಹ. ಮನೆಗೆ ಬಂದ ಮೇಲೂ ಅವರಿಗೆ ಇಡೀ ರಾತ್ರಿಯ ನಿದ್ರೆ ಎಂಬುದು ಇರಲಿಲ್ಲ. ಎದ್ದು ಜಗಲಿಯಲ್ಲಿ ನಡೆಯುವುದು, ಬೀಡಿ ಹೊತ್ತಿಸುವುದು, ಬಾವಿಕಟ್ಟೆಯವರೆಗೆ ಹೋಗಿ ಬರುವುದು. ಈಗ ಆ ನಡಿಗೆಗೆ ಒಂದು ಕೆಲಸ ಸಿಕ್ಕಿತು. ಮೊದಲು ಗೋಣಿ ಹೊದೆಸಿದರು. ಆಮೆ ಅದನ್ನು ಸರಿದಾಡಿ ಬೀಳಿಸುತ್ತಿತ್ತು. ಆಮೇಲೆ ಗೂಡಿನೊಳಗೆ ಲಾಟೀನು ನೇತುಹಾಕಿದರು. ಗಾಜು ಕಪ್ಪಾಯಿತೇ ಹೊರತು ಗೂಡು ಬಿಸಿಯಾಗಲಿಲ್ಲ. ಕೊನೆಗೆ ಮಡಕೆಯಲ್ಲಿ ಕೆಂಡ ಹಾಕಿ, ಅದರ ಮೇಲೆ ಉಮಿ ತುಂಬಿ, ಆಮೆಯ ಮಗ್ಗುಲಲ್ಲಿ ಇಟ್ಟರು. ಉಮಿ ಮೆಲ್ಲಮೆಲ್ಲಗೆ ಉರಿದು ರಾತ್ರಿಯಿಡೀ ಕಾವು ಕೊಡುತ್ತದೆ. ಬಾಣಂತಿ ಕೋಣೆಯಲ್ಲಿ ಇಡುವುದು ಅದನ್ನೇ.

ಆ ಮಡಕೆ ನೋಡಿದ ದಿನ ಅಮ್ಮ ಇಡೀ ಸಂಜೆ ಮಾತಾಡಲಿಲ್ಲ. ಏಕೆ ಎಂದು ನನಗೆ ಹೊಳೆಯಲಿಲ್ಲ. ಹೊಳೆಯಬೇಕಿತ್ತು.

ಉಮಿಯ ಮಡಕೆ ಎಂಟು ರಾತ್ರಿ ನಡೆಯಿತು. ಅಪ್ಪ ಗೂಡಿನ ಹೊರಗೆ ಮಣೆ ಹಾಕಿಕೊಂಡು, ಹಡಗಿನಿಂದ ತಂದ ದಪ್ಪ ಕೋಟು ಹೊದ್ದು ಕೂರುತ್ತಿದ್ದರು. ನಾನು ಕಿಟಕಿಯಿಂದ ಅವರ ಬೀಡಿಯ ಕೆಂಪು ನೋಡುತ್ತ ಮಲಗುತ್ತಿದ್ದೆ. ಒಂಬತ್ತನೆಯ ರಾತ್ರಿ ಎಚ್ಚರವಾದಾಗ ಬೀಡಿಯ ಕೆಂಪು ಕಾಣಲಿಲ್ಲ. ಬೇರೆ ಕೆಂಪು ಕಂಡಿತು. ಮಡಲಿನ ಒಳಮಗ್ಗುಲಲ್ಲಿ ಅದು ಹರಿದಾಡುತ್ತಿತ್ತು.

ನಾನು ಕೂಗಿಕೊಂಡು ಓಡಿದೆ. ಅಪ್ಪ ಗೋಡೆಗೆ ಒರಗಿ ನಿದ್ರೆ ಹೋಗಿದ್ದರು. ಎಷ್ಟು ದಿನದ ನಿದ್ರೆಯೋ, ನನ್ನ ಕೂಗಿಗೂ ತಕ್ಷಣ ಏಳಲಿಲ್ಲ. ಎದ್ದವರು ಮಾತ್ರ ಒಂದು ಕ್ಷಣ ನಿಲ್ಲಲಿಲ್ಲ. ಆಮೆಯನ್ನು ಎಳೆಯಲು ನಮ್ಮಿಂದ ಆಗುವ ಹಾಗಿರಲಿಲ್ಲ. ಅದು ತಲೆ ಕಾಲು ಒಳಗೆಳೆದುಕೊಂಡು ಬಂಡೆಯಂತೆ ಕೂತಿತ್ತು. ಅಪ್ಪ ಉರಿಯುತ್ತಿದ್ದ ಮಡಲನ್ನೇ ಬರಿಗೈಯಲ್ಲಿ ಹಿಡಿದು ಕಿತ್ತು ಕಿತ್ತು ಅಂಗಳಕ್ಕೆ ಎಸೆದರು. ಅಮ್ಮ ಕೊಡಪಾನ ಹೊತ್ತು ಬಂದರು. ನಾನು ಬಾವಿಗೂ ಗೂಡಿಗೂ ಓಡಾಡಿದೆ. ಬೆಂಕಿ ಆರಿದಾಗ ಮಾಡು ಇರಲಿಲ್ಲ. ಆಮೆಯ ಚಿಪ್ಪಿನ ಅಂಚಿನಲ್ಲಿ ಅಂಗೈಯಗಲ ಕರಿ ಹಿಡಿದಿತ್ತು, ಅಷ್ಟೆ. ಅಪ್ಪನ ಎರಡು ಅಂಗೈಯ ಚರ್ಮ ಮಾತ್ರ ಸುಲಿದಿತ್ತು.

ಜಗಲಿಯಲ್ಲಿ ಅವರನ್ನು ಕೂರಿಸಿ ಅಮ್ಮ ಲೋಳೆಸರ ಸೀಳಿ ಅಂಗೈಗೆ ಹಚ್ಚುತ್ತಿದ್ದರು. ನಾನು ಲಾಟೀನು ಹಿಡಿದಿದ್ದೆ. ಅಮ್ಮನ ಕೈ ಮೆತ್ತಗೆ ಓಡುತ್ತಿತ್ತು, ಮಾತು ಹಾಗಿರಲಿಲ್ಲ.

"ಆಮೆಗೆ ಕೂರ್ಲಿಕ್ಕೆ ಆಗ್ತದೆ ನಿಮಗೆ. ಎಂಟು ರಾತ್ರಿ ಕೂತ್ರಿ. ನಾನು ಹನ್ನೊಂದು ರಾತ್ರಿ ಕೂತಿದ್ದೆ, ಗೊತ್ತುಂಟಾ? ಇದೇ ಉಮಿ, ಇದೇ ಕೆಂಡ. ಹನ್ನೊಂದು ರಾತ್ರಿ ಮಗುವನ್ನು ಎದೆಗೆ ಕಟ್ಟಿಕೊಂಡು ಕೂತೆ. ಆಗ ನೀವು ಎಲ್ಲಿ ಇದ್ದದ್ದು?"

ಅಪ್ಪ ಇನ್ನೊಂದು ಕೈಯನ್ನೂ ಮುಂದಕ್ಕೆ ಚಾಚಿದರು.

ನನಗೆ ಒಂಬತ್ತು ವರ್ಷವಾಗಿದ್ದಾಗ ನನಗೊಬ್ಬ ತಮ್ಮ ಹುಟ್ಟಿದ್ದ. ತಿಂಗಳು ತುಂಬುವ ಮೊದಲೇ, ಇಂಥದ್ದೇ ಚಳಿಗಾಲದಲ್ಲಿ. ಹನ್ನೆರಡನೆಯ ದಿನ ಹೋದ. ಅಪ್ಪ ಸಮುದ್ರದಲ್ಲಿದ್ದರು. ಹುಟ್ಟಿದ ಸುದ್ದಿಯ ಕಾಗದವೂ ಹೋದ ಸುದ್ದಿಯ ಕಾಗದವೂ ಅವರಿಗೆ ಒಟ್ಟಿಗೆ ಸಿಕ್ಕವಂತೆ, ತಿಂಗಳುಗಳು ಕಳೆದು. ಮುಂದಿನ ಸಲ ಮನೆಗೆ ಬಂದಾಗ ಅವರು ಆ ವಿಷಯ ಎತ್ತಲಿಲ್ಲ. ಅಮ್ಮನೂ ಎತ್ತಲಿಲ್ಲ. ನಾನೂ ಅದನ್ನು ಮರೆತವಳಂತೆ ಬೆಳೆದೆ. ನಾನು ಹಿಡಿದ ಲಾಟೀನು ವಾಲಿ, ಅಪ್ಪನ ಅಂಗೈಯ ಮೇಲಿನ ಬೆಳಕು ಸರಿದುಹೋಗಿತ್ತು. ಅಮ್ಮ, "ಸರಿಯಾಗಿ ಹಿಡಿ," ಎಂದು ಗದರಿದರು.

ಬೆಳಗಿನ ಮೊದಲ ಬಸ್ಸಿಗೆ ಅಪ್ಪನನ್ನು ಪುತ್ತೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಮರಳಿದಾಗ ಅವರ ಎರಡು ಕೈಗೂ ದಪ್ಪ ಬ್ಯಾಂಡೇಜು. ಬಸ್ಸು ಕುಂಬ್ರ ದಾಟಿದ ಮೇಲೆ ಕೇಳಿದರು, "ಇವತ್ತು ರಾತ್ರಿ ಇವನಿಗೆ ಎಂತ ಮಾಡುದು ಮಗಾ?"

"ನಾನು ನೋಡ್ತೇನೆ ಅಪ್ಪ," ಎಂದೆ.

ಹೇಳುವುದು ಸುಲಭವಿತ್ತು. ಗೂಡಿಗೆ ಹೊಸ ಮಡಲು ಹೊದೆಸಿದೆವು. ಬೆಂಕಿ ಇನ್ನು ಬೇಡ ಎಂದು ಅಮ್ಮ ಖಡಾಖಂಡಿತ ಹೇಳಿದ್ದರು. ನಾನು ಹೊಳೆಯಿಂದ ಗುಂಡುಕಲ್ಲು ತಂದು, ಹಂಡೆಯ ಒಲೆಯಲ್ಲಿ ಕಾಯಿಸಿ, ಗೋಣಿಯಲ್ಲಿ ಸುತ್ತಿ ಆಮೆಯ ಎರಡೂ ಮಗ್ಗುಲಿಗೆ ಇಡುತ್ತಿದ್ದೆ. ಎರಡು ಗಂಟೆಗೆ ಕಲ್ಲು ಆರುತ್ತಿತ್ತು. ಮತ್ತೆ ಒಲೆ, ಮತ್ತೆ ಇಕ್ಕಳ, ಮತ್ತೆ ಗೋಣಿ. ನಡುವಿನಲ್ಲಿ ಮಲಗಿದರೆ ಜಗಲಿಯಿಂದ ಅಪ್ಪನ ದನಿ ಬರುತ್ತಿತ್ತು.

"ಮಗಾ, ಕಾಲಿನ ಸಂದಿ ಮುಟ್ಟಿ ನೋಡಿದ್ಯಾ?"

"ನೋಡಿದೆ ಅಪ್ಪ. ಬೆಚ್ಚಗೆ ಉಂಟು."

ಅರ್ಧ ಗಂಟೆಗೆ ಮತ್ತೆ, "ಮಗಾ, ನಿದ್ರೆ ಬಂತಾ?"

ನಾಲ್ಕನೆಯ ರಾತ್ರಿ ನಾನು ಸುಳ್ಳು ಹೇಳಿದೆ. ಹೊದಿಕೆಯೊಳಗಿಂದಲೇ, ಕಣ್ಣು ತೆರೆಯದೆ, "ಈಗಷ್ಟೇ ಮುಟ್ಟಿ ಬಂದೆ," ಎಂದೆ. ಸ್ವಲ್ಪ ಹೊತ್ತಿಗೆ ಜಗಲಿಯ ಮೆಟ್ಟಿಲು ಇಳಿಯುವ ಸದ್ದಾಯಿತು. ಎದ್ದು ಕಿಟಕಿಯಿಂದ ನೋಡಿದೆ. ತಿಂಗಳ ಬೆಳಕಿತ್ತು. ಅಪ್ಪ ಗೂಡಿನ ಮುಂದೆ ಮೊಣಕಾಲೂರಿ, ಹಲ್ಲಿನಿಂದ ಗೋಣಿ ಕಚ್ಚಿ ಸರಿಸಿದರು. ಬ್ಯಾಂಡೇಜು ಕಟ್ಟಿದ ಕೈಯನ್ನು ಒಳಗೆ ಚಾಚಿ ಮತ್ತೆ ಹಿಂದಕ್ಕೆ ತೆಗೆದರು. ಆ ಕೈಗೆ ಬಿಸಿ ತಣ್ಣಗೆ ಏನೂ ತಿಳಿಯದು. ಆಮೇಲೆ ನೆಲಕ್ಕೆ ಬಗ್ಗಿ, ತಲೆಯನ್ನು ಗೂಡಿನೊಳಗೆ ತೂರಿಸಿ, ಕೆನ್ನೆಯನ್ನು ಆಮೆಯ ಹಿಂಗಾಲಿಗೆ ಒತ್ತಿ ಹಾಗೆಯೇ ಇದ್ದರು.

ನಾನು ಹೊರಗೆ ಹೋಗಲಿಲ್ಲ. ಬಚ್ಚಲಿಗೆ ಹೋಗಿ ಒಲೆಗೆ ಕಟ್ಟಿಗೆ ಒಟ್ಟಿದೆ.

ಆ ವಾರವೇ ನೇಮಕದ ಕಾಗದ ಬಂತು. ಕಡಬದ ಹತ್ತಿರದ ಒಂದು ಶಾಲೆ. ಹತ್ತು ದಿನದೊಳಗೆ ಹೋಗಿ ಸೇರಬೇಕು. ಅಷ್ಟು ತಿಂಗಳು ಕಾದ ಕಾಗದ ಕೈಗೆ ಬಂದಾಗ ನನಗೆ ಆದದ್ದು ಸಂತೋಷವೋ ಭಯವೋ ಹೇಳಲಾರೆ. ಅದನ್ನು ರವಿಕೆಯೊಳಗೆ ಇಟ್ಟುಕೊಂಡು ಸಂಜೆಯವರೆಗೆ ತಿರುಗಿದೆ. ಕೊನೆಗೆ ಅಮ್ಮನಿಗೆ ತೋರಿಸಿ, "ಆಮೆಯನ್ನು ಯಾರು ನೋಡುದು?" ಎಂದು ಕೇಳಿದೆ.

"ನನ್ನನ್ನು ನೋಡ್ಬೇಡ. ಹದಿಮೂರು ವರ್ಷ ನೋಡಿದ್ದೇನೆ. ಇನ್ನು ನನ್ನಿಂದ ಆಗ್ಲಿಕ್ಕಿಲ್ಲ."

ಮರುದಿನ ಮೇಲಿನ ಮನೆಯ ಅಕ್ಕ ಬಂದರು. ಅಪ್ಪನಿಗಿಂತ ದೊಡ್ಡವರಾದರೂ ಅವರು ಊರಿಗೆಲ್ಲ ಅಕ್ಕ. ಅವರ ಮನೆಯಲ್ಲಿ ಅರೆಭಾಷೆ, ನಮ್ಮಲ್ಲಿ ತುಳು. ಹಾಗಾಗಿ ನಾವು ಕನ್ನಡದಲ್ಲಿ ಮಾತಾಡುತ್ತಿದ್ದೆವು. ಅಪ್ಪನ ಕೈ ನೋಡಲು ಬಂದವರು ನನ್ನ ಗುಂಡುಕಲ್ಲಿನ ರಾಶಿ ನೋಡಿ ನಿಂತರು.

"ಇದು ಎಂತ ಕೂಸೇ?"

ಹೇಳಿದೆ. ಅವರು ಸೊಂಟಕ್ಕೆ ಕೈ ಕೊಟ್ಟು ನಕ್ಕರು. "ಅಯ್ಯೋ ಮಾರಾಯ್ತಿ! ಬಾ ನನ್ನೊಟ್ಟಿಗೆ."

ಅವರ ದನದ ಹಟ್ಟಿಯ ಹಿಂದೆ ಗೊಬ್ಬರದ ರಾಶಿ ಇತ್ತು. ದನಗಳ ಕಾಲಡಿ ಹಾಸಿದ ಕಾಡುಸೊಪ್ಪು ಸೆಗಣಿ ಗಂಜಲದೊಂದಿಗೆ ಬೆರೆತದ್ದನ್ನು ವಾರಕ್ಕೊಮ್ಮೆ ಎಳೆದು ಒಟ್ಟುತ್ತಿದ್ದರು. ಬೆಳಗಿನ ಚಳಿಗೆ ಅದರಿಂದ ಹಬೆ ಏಳುತ್ತಿತ್ತು. ದಿನವೂ ಕಂಡದ್ದೇ. "ಕೈ ಹಾಕು," ಎಂದರು. ಮೊಣಕೈವರೆಗೆ ಹಾಕಿದವಳು ಹಾಗೆಯೇ ಹಿಂದಕ್ಕೆ ತೆಗೆದೆ. ಅಷ್ಟು ಬಿಸಿ.

"ಇದಕ್ಕೆ ಉರುವಲು ಹಾಕುವವರು ಯಾರು? ರಾತ್ರಿ ಎದ್ದು ಊದುವವರು ಯಾರು? ಹೊಂಡ ತೋಡಿ ಇದನ್ನು ತುಂಬಿಸಿ. ಮೇಲೆ ನಿಮ್ಮ ಆಮೆ ಮಲಗ್ಲಿ."

ನಾನು ಬಂದು ಹೇಳಿದಾಗ ಮೊದಲು ಎದ್ದವರು ಅಮ್ಮ. ಪಿಕಾಸಿ ತೆಗೆದುಕೊಂಡು ಹೋಗಿ ಗೂಡಿನ ನೆಲ ಅಗೆಯತೊಡಗಿದರು. "ಅಮ್ಮ, ನೀವು ಆಗುದಿಲ್ಲ ಅಂದ್ರಲ್ಲ?" ಎಂದು ಕೇಳಿದೆ. "ಮಾತು ಬೇಡ, ಮಣ್ಣು ಎತ್ತು," ಎಂದರು. ಮೊಣಕಾಲು ಮುಳುಗುವಷ್ಟು ಹೊಂಡ. ಹದಿನೆಂಟು ಬುಟ್ಟಿ ಗೊಬ್ಬರ ಹೊತ್ತೆವು, ಅಮ್ಮ, ಅಕ್ಕ, ನಾನು. ಮೇಲೆ ಹೊಳೆಯ ಮರಳು, ಮರಳಿನ ಮೇಲೆ ಸೀಳಿದ ಅಡಿಕೆ ಮರದ ದಬ್ಬೆ ಸಾಲಾಗಿ. ಅಪ್ಪ ಕೆಲಸಕ್ಕೆ ಬಾರದ ಕೈಗಳನ್ನು ಎದೆಗಿಟ್ಟುಕೊಂಡು ನಮ್ಮ ಸುತ್ತ ತಿರುಗುತ್ತ, "ಜಾಸ್ತಿ ಆಯಿತು, ಬೇಯ್ತಾನೆ ಇವ," ಎನ್ನುತ್ತಿದ್ದರು.

ಅವರು ಹೇಳಿದ್ದು ಸರಿಯಾಗಿತ್ತು. ಮೊದಲ ರಾತ್ರಿ ಒಳಗೆ ಘಾಟು ಕಟ್ಟಿಕೊಂಡು, ಆಮೆ ಬುಸುಗುಟ್ಟುತ್ತ ಗೋಣಿಯನ್ನು ಹರಿದು ಹೊರಗೆ ಬಂತು. ಮಂಜು ಸುರಿಯುತ್ತಿತ್ತು. ಅಪ್ಪ, ಅಮ್ಮ, ನಾನು ಮೂವರೂ ಸೇರಿ ಹಿಂದಿನಿಂದ ನೂಕಿದೆವು. ಅಪ್ಪ ಹೆಗಲು ಕೊಟ್ಟರು. ಅದು ಒಂದು ಅಂಗುಲ ಅಲ್ಲಾಡಲಿಲ್ಲ. ಕೊನೆಗೆ ಅಮ್ಮ ಒಳಗೆ ಹೋಗಿ ಒಂದು ಹಣ್ಣಾದ ಪಪ್ಪಾಯಿ ಸೀಳಿ ತಂದು, ಅದರ ಮೂಗಿನ ಮುಂದೆ ಹಿಡಿದು, ಹಿಂದೆ ಹಿಂದೆ ಹೆಜ್ಜೆ ಇಡುತ್ತ ತಾವೇ ಗೂಡಿನೊಳಗೆ ಹೋದರು. ಆಮೆ ಹಿಂಬಾಲಿಸಿತು. ಬಾಗಿಲಿಗೆ ಅಡ್ಡವಾಗಿ ಅದು ಕೂತುಬಿಟ್ಟದ್ದರಿಂದ ಅಮ್ಮ ಒಳಗೆ ಸಿಕ್ಕಿಬಿದ್ದು, ಚಿಪ್ಪಿನ ಮೇಲೆ ಹತ್ತಿ ಈಚೆ ಇಳಿಯಬೇಕಾಯಿತು. ಆ ಚಳಿಯಲ್ಲಿ, ಸೀರೆ ಎತ್ತಿ ಕಟ್ಟಿ, ಕೈಯಲ್ಲಿ ಪಪ್ಪಾಯಿ ಸಿಪ್ಪೆ ಹಿಡಿದು ಆಮೆಯ ಬೆನ್ನಿನ ಮೇಲೆ ನಿಂತ ಅಮ್ಮನನ್ನು ನೋಡಿ ಅಪ್ಪ ನಕ್ಕರು. ಅಮ್ಮ ನಗಲಿಲ್ಲ. ಬೈಯಲೂ ಇಲ್ಲ.

ಮಾರನೆಯ ದಿನ ಅಕ್ಕ ಬಂದು ಹಿಂದಿನ ಗೋಡೆಯಲ್ಲಿ ಒಂದು ಕಲ್ಲು ತೆಗೆಸಿ ಗಾಳಿ ಹೋಗಲು ಕಂಡಿ ಮಾಡಿಸಿದರು. ಇನ್ನೊಂದು ಗೇಣು ಮರಳು ಹಾಕಿಸಿದರು. ಆ ರಾತ್ರಿ ಆಮೆ ಹೊರಗೆ ಬರಲಿಲ್ಲ. ಬೆಳಿಗ್ಗೆ ಬಿಸಿಲು ಗೋಣಿಗೆ ತಾಗುವ ಹೊತ್ತಿಗೆ ತಾನಾಗಿ ಬಂದು, ಎಲೆ ಎಲ್ಲಿ ಎನ್ನುವ ಹಾಗೆ ಕತ್ತು ಎತ್ತಿ ನಿಂತಿತು. ನಾನು ಮುಟ್ಟಿ ನೋಡಿದೆ. ಕಾಲಿನ ಸಂದಿ ನನ್ನ ಕೈಗಿಂತ ಬೆಚ್ಚಗಿತ್ತು.

ನಾಲ್ಕು ದಿನ ಬಿಟ್ಟು ನಾನು ಕಡಬಕ್ಕೆ ಹೋದೆ. ಶಾಲೆಯ ಹತ್ತಿರ ಒಂದು ಕೋಣೆ. ಮಕ್ಕಳ ಮುಂದೆ ಹಗಲು ಹೇಗೋ ಕಳೆಯುತ್ತಿತ್ತು. ರಾತ್ರಿ ಎರಡು ಗಂಟೆಗೊಮ್ಮೆ ಎಚ್ಚರವಾಗಿ, ಯಾರೋ ಕರೆದಂತಾಗಿ, ಕಲ್ಲು ಬದಲಿಸಬೇಕೆಂದು ಏಳುತ್ತಿದ್ದೆ. ಎದ್ದು ನಿಂತ ಮೇಲೆ ಅದು ಆಲೆಟ್ಟಿ ಅಲ್ಲವೆಂದು ನೆನಪಾಗುತ್ತಿತ್ತು. ಗೊಬ್ಬರದ ಕಾವು ಆರಿದರೆ ಹೊಸತು ಹಾಕುತ್ತಾರೋ ಇಲ್ಲವೋ, ಅಮ್ಮ ಮತ್ತೆ ಸಿಟ್ಟಾದರೆ, ಅಪ್ಪ ಮತ್ತೆ ಕೆಂಡ ಇಟ್ಟರೆ. ಕಾಗದ ಬರೆದರೆ ಉತ್ತರ ಬರೆಯಲು ಅಪ್ಪನ ಕೈ ಇನ್ನೂ ಗುಣವಾಗಿರಲಿಲ್ಲ. ಅಮ್ಮನಿಗೆ ಅಕ್ಷರ ಬಾರದು.

ಮೂರು ವಾರ ತಡೆದೆ. ಒಂದು ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಕೂಡಲೇ ಬಸ್ಸು ಹತ್ತಿದೆ. ಪುತ್ತೂರಿನಲ್ಲಿ ಬದಲಿಸಿ, ಸುಳ್ಯದಲ್ಲಿ ಇಳಿದು, ನಡೆದು ಮನೆ ಮುಟ್ಟುವಾಗ ಕತ್ತಲಾಗಿತ್ತು. ಅಮ್ಮ ಅನ್ನ ಬಡಿಸಿದರು. ಆಮೆ ಹೇಗಿದೆ ಎಂದರೆ "ಉಂಟು" ಎಂದರು.

ನಡುರಾತ್ರಿ ಹೊರಗೆ ಹೆಜ್ಜೆಯ ಸದ್ದಿಗೆ ಎದ್ದೆ. ಅಪ್ಪ ಇರಬೇಕು ಎಂದು ಬಾಗಿಲು ತೆರೆದರೆ ಗೂಡಿನ ಹತ್ತಿರ ಇಬ್ಬರಿದ್ದರು. ಅಮ್ಮ ತಲೆಗೆ ಶಾಲು ಸುತ್ತಿಕೊಂಡು ಮಣೆಯ ಮೇಲೆ ಕೂತಿದ್ದರು. ಅಪ್ಪ ಮುರಕಲ್ಲಿನ ಮೇಲೆ. ನಾನು ಮೆಟ್ಟಿಲು ಇಳಿಯುವುದನ್ನು ಕಂಡು ಅಮ್ಮ, "ನೀನು ಹೋಗಿ ಮಲಗು. ನಾವು ನೋಡ್ತೇವೆ," ಎಂದರು. ನನಗೆ ಏನೋ ಕಸಿವಿಸಿಯಾಯಿತು. ಇಷ್ಟು ದಿನ ಅದಕ್ಕಾಗಿ ನಿದ್ರೆಗೆಟ್ಟವಳು ನಾನು. ಒಳಗೆ ಬಂದೆ. ಆದರೆ ಕಿಟಕಿ ತೆರೆದೇ ಇತ್ತು.

ಅಮ್ಮ ಎದ್ದು ಗೋಣಿಯೊಳಗೆ ಕೈ ಹಾಕಿ ನೋಡಿ ಮತ್ತೆ ಕೂತರು. ಆಮೇಲೆ ಅಪ್ಪ ಕೇಳಿದರು, "ಅವನಿಗೆ ಕೂದಲು ಇತ್ತಾ?"

ನಾನು ಆಮೆಯ ಬಗ್ಗೆ ಎಂದುಕೊಂಡು, ಇದೆಂಥ ಪ್ರಶ್ನೆ ಎಂದು ಕಿವಿಗೊಟ್ಟೆ.

"ಇತ್ತು," ಎಂದರು ಅಮ್ಮ. "ತುಂಬ ಇತ್ತು. ನಿಮ್ಮ ಹಾಗೆ, ಹಣೆಯ ಮೇಲೆ ಬೀಳುವ ಹಾಗೆ."

"ಅಳ್ತಾ ಇದ್ದನಾ?"

"ಮೊದಲು ಅಳ್ತಿದ್ದ. ಕಡೆಯ ಎರಡು ದಿನ ಅಳ್ಲಿಲ್ಲ. ಬೆರಳು ಕೊಟ್ಟರೆ ಹಿಡ್ಕೊಳ್ತಿದ್ದ."

ಅಪ್ಪ ಮತ್ತೆ ಏನೋ ಕೇಳಿದರು, ನನಗೆ ಕೇಳಿಸಲಿಲ್ಲ. ಅಮ್ಮ ಹೇಳುತ್ತಲೇ ಹೋದರು, ಒಂದೊಂದು ದಿನದ್ದು, ಹನ್ನೆರಡೂ ದಿನದ್ದು. ನಾನು ಕಿಟಕಿ ಮುಚ್ಚಲಿಕ್ಕೂ ಆಗದೆ, ಕೇಳಲಿಕ್ಕೂ ಆಗದೆ, ಹಾಸಿಗೆಯ ಮೇಲೆ ಕೂತೇ ಬೆಳಗು ಮಾಡಿದೆ. ಬೆಳಿಗ್ಗೆ ಇಬ್ಬರೂ ಎಂದಿನಂತೆಯೇ ಇದ್ದರು. ಅಮ್ಮನ ಕಣ್ಣು ಊದಿಕೊಂಡಿತ್ತು. ಗೊಬ್ಬರ ಬದಲಿಸುವುದು ಇವತ್ತೋ ನಾಳೆಯೋ ಎಂದು ಜಗಳವಾಡುತ್ತಿದ್ದರು.

ಅಪ್ಪ ಇನ್ನೂ ಐದು ಚಳಿಗಾಲ ಇದ್ದರು. ಇರುಳು ನಡೆಯುವುದು ಕೊನೆಯವರೆಗೂ ನಿಲ್ಲಲಿಲ್ಲ. ಅವರು ತೀರಿಹೋದ ವರ್ಷ, ನಾನು ಅಮ್ಮನನ್ನು ಕಡಬಕ್ಕೆ ಕರೆದಾಗ, "ಅದನ್ನು ಬಿಟ್ಟು ಬರುದಿಲ್ಲ," ಎಂದರು. ಐದು ಜನ ಸೇರಿ ಆಮೆಯನ್ನು ಲಾರಿಗೆ ಹತ್ತಿಸಿದರು. ಅಮ್ಮ ಡ್ರೈವರನ ಪಕ್ಕದಲ್ಲಿ ಕೂತು, ಪ್ರತಿ ತಿರುವಿಗೂ "ಮೆಲ್ಲ ಹೋಗಿ ಮಾರಾಯ್ರೆ" ಎನ್ನುತ್ತ ಬಂದರಂತೆ. ನಾನು ಶಾಲೆಯಿಂದ ಬರುವಾಗ ಲಾರಿ ನಿಂತಿತ್ತು. ನಾನು ಬಾಡಿಗೆಗಿದ್ದ ಮನೆಯ ಯಜಮಾನರು ಅಂಗಳದಲ್ಲಿ ಬಾಯಿ ತೆರೆದು ನಿಂತಿದ್ದರು. ಆಮೆ ಆಗಲೇ ಅವರ ಬಸಳೆಯ ಚಪ್ಪರದ ಬುಡಕ್ಕೆ ಬಾಯಿ ಹಾಕಿತ್ತು. ಅಮ್ಮ ಅವರಿಗೆ ನಮಸ್ಕಾರ ಹೇಳಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಸುತ್ತಮುತ್ತ ದನ ಸಾಕಿದವರ ಮನೆ ಯಾವುದು ಎಂದು ವಿಚಾರಿಸುತ್ತಿದ್ದರು.